ಹೆಬ್ಬೆಟ್ಟಿಗೆ ಅಂಟಿದ ಚಮಕಿ

ನನ್ನ ಮೀಸೆಯಲ್ಲಿ ಚಮಕಿ ಸಿಕ್ಕಿಕೊಂಡಿದೆ ಎಂದು ನನಗೆ ತಿಳಿದದ್ದು ಒಂದು ಸಾವಿನ ಮನೆಯಲ್ಲಿ. ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡಿದ್ದರು. ನಾನು ಮುಖವನ್ನು ಎಷ್ಟು ಬೇಕೋ ಅಷ್ಟು ಗಂಭೀರ ಮಾಡಿಕೊಂಡು ಅಂಗಳದಲ್ಲಿ ಕೈಕಟ್ಟಿ ನಿಂತಿದ್ದೆ. ಎದುರಿಗಿದ್ದ ಹೆಂಗಸರು ನನ್ನ ಕಡೆ ನೋಡುವುದು, ತಕ್ಷಣ ಪಕ್ಕಕ್ಕೆ ತಿರುಗಿ ಸೆರಗು ಬಾಯಿಗೆ ಇಟ್ಟುಕೊಳ್ಳುವುದು ಮಾಡುತ್ತಿದ್ದರು. ಪಾಪ, ದುಃಖ ತಡೆಯಲಾಗುತ್ತಿಲ್ಲ ಎಂದುಕೊಂಡೆ. ಕೊನೆಗೆ ನನ್ನ ಹೆಂಡತಿ ಜಯ ಹತ್ತಿರ ಬಂದು ಕಿವಿಯಲ್ಲಿ, "ರೀ, ಮೀಸೆ ಒರೆಸ್ಕೊಳಿ. ಬಿಸಿಲಿಗೆ ಮಿಣಮಿಣ ಅಂತೈತೆ. ಸತ್ತೋರ ಮನೇಗೆ ಮದ್ವೆ ಗಂಡು ಬಂದಂಗೆ ಬಂದವ್ರೆ ಅಂತ ನಗ್ತಾವ್ರೆ" ಎಂದಳು. ಒರೆಸಿಕೊಂಡೆ. ಅದು ಮೀಸೆಯಿಂದ ಬೆರಳಿಗೆ ಬಂತು, ಬೆರಳಿನಿಂದ ಪಂಚೆಗೆ ಹೋಯಿತು. ಸಂಜೆ ನೋಡಿದರೆ ಪಂಚೆಯಿಂದ ಹೇಗೋ ಹತ್ತಿ ಮತ್ತೆ ಮೀಸೆಯಲ್ಲೇ ಕೂತಿತ್ತು.

ಚಮಕಿಯ ಸ್ವಭಾವ ನಿಮಗೆ ಗೊತ್ತಿರಬಹುದು. ಬೇಗಡೆಯನ್ನು ಪುಡಿ ಮಾಡಿದಂತಿರುವ ಆ ಮಿಂಚು ಕರೆಯದೆ ಬರುತ್ತದೆ, ಹೋಗು ಎಂದರೆ ಹೋಗುವುದಿಲ್ಲ. ನನ್ನ ಅಂಗಡಿಗೆ ದೀಪಾವಳಿಯ ಮಾಲು ಬಂದು, ರಟ್ಟಿನ ಪೆಟ್ಟಿಗೆಗಳನ್ನು ಒಡೆದ ದಿನ ಶುರುವಾದರೆ ಯುಗಾದಿ ಕಳೆದರೂ ನಮ್ಮ ಮನೆ ಬಿಡುವುದಿಲ್ಲ. ಒಮ್ಮೆ ರಾಗಿಮುದ್ದೆಯಲ್ಲಿ ಕಾಣಿಸಿಕೊಂಡಿತು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಕಲಿತವನು ನಾನು, ನುಂಗಿದೆ. ನಮ್ಮ ನಾಯಿಯ ಮೂಗಿನ ಮೇಲೊಂದು ಚಮಕಿ ಸುಮಾರು ದಿನ ಇತ್ತು. ಜೀಪು ಓಡಿಸುವ ಮೊಯ್ದು ಅದನ್ನು ನೋಡಿದಾಗಲೆಲ್ಲ, "ಎಂತ ಸ್ವಾಮಣ್ಣ, ನಾಯಿಗೆ ಮೂಗುಬೊಟ್ಟು ಹಾಕ್ಸಿದ್ದೀರಿ, ಹೆಂಡ್ತಿಗೆ ಯಾವಾಗ?" ಎಂದು ಕೇಳುತ್ತಿದ್ದ. ಜಯ ಒಳಗಿನಿಂದಲೇ, "ಕೇಳು ಮೊಯ್ದು, ಇನ್ನೊಸಿ ಜೋರಾಗಿ ಕೇಳು" ಎನ್ನುತ್ತಿದ್ದಳು.

ಅಂಗಡಿ ಇರುವುದು ಕೊಡಗಿನ ಚೆಟ್ಟಳ್ಳಿಯಲ್ಲಿ. ಬೋರ್ಡಿನ ಮೇಲೆ ಫ್ಯಾನ್ಸಿ ಸ್ಟೋರ್ ಎಂದಿದೆ. ಒಳಗೆ ಬಳೆ, ರಿಬ್ಬನ್ನು, ಕೊಡೆ, ಟಾರ್ಚು, ಪ್ಲಾಸ್ಟಿಕ್ ಮಾವಿನೆಲೆಯ ತೋರಣ, ಡಿಸೆಂಬರಿನಲ್ಲಿ ನಕ್ಷತ್ರ, ಎಲ್ಲವೂ ಇದೆ. ನಮ್ಮಜ್ಜ ಅರಕಲಗೂಡಿನ ಕಡೆಯಿಂದ ಗಾಡಿ ಹೂಡಿಕೊಂಡು ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿದವರು. ಅಪ್ಪನೂ ಅದೇ ಹೊಲ ಉತ್ತರು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟೆ. ಜೀಪಿನ ಕ್ಲೀನರ್ ಆಗಿ ಹಿಂದೆ ಜೋತುಬಿದ್ದು ಈ ಕಡೆಯ ಎಸ್ಟೇಟುಗಳ ರಸ್ತೆಯನ್ನೆಲ್ಲ ಕಂಡೆ. ಆಮೇಲೆ ಸೈಕಲ್ಲಿಗೆ ಬಳೆಯ ಮಲಾರ ಕಟ್ಟಿಕೊಂಡು ತೋಟದ ಕೂಲಿಯವರ ಸಾಲುಮನೆಗಳಿಗೆ, ಅಂದರೆ ಲೈನುಗಳಿಗೆ, ಹೋಗಿ ಮಾರಿದೆ. ಇವತ್ತಿನ ಈ ಅಂಗಡಿಯ ಒಂದೊಂದು ಹಲಗೆಯೂ ನನ್ನ ಬೆವರಿನದು. ಯಾರ ಹತ್ತಿರವೂ ನನಗೊಂದು ಕೆಲಸ ಕೊಡಿ ಎಂದು ಕೇಳಿದವನಲ್ಲ. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಮುಂದೆ ಬರುತ್ತದೆ ಎಂದು ಜಯ ಹೇಳುತ್ತಾಳೆ. ಬರಲಿ ಬಿಡಿ.

ನನ್ನ ರುಜುವನ್ನು ನೀವು ಒಮ್ಮೆ ನೋಡಬೇಕು. ಶಾಲೆ ಬಿಟ್ಟ ದಿನ ಮೇಷ್ಟ್ರು, "ಹೋಗು, ಹೆಬ್ಬೆಟ್ಟು ಒತ್ತಿಕೊಂಡು ಬದುಕು" ಎಂದಿದ್ದರು. ಆ ಮಾತು ಎಲ್ಲಿಗೆ ನಾಟಿತೋ, ಜೀಪು ತೊಳೆಯುವಾಗ ಒದ್ದೆ ಬಾನೆಟ್ಟಿನ ಮೇಲೆ ಬೆರಳಿನಿಂದ ಹೆಸರು ಬರೆದು ಬರೆದು ಅಭ್ಯಾಸ ಮಾಡಿದೆ. ರಂಗಸ್ವಾಮಿ ಎಂಬ ನಾಲ್ಕಕ್ಷರಕ್ಕೆ ಹಿಂದೊಂದು ಕೊಂಬು, ಮುಂದೊಂದು ಬಾಲ, ಬಾಲದ ಕೆಳಗೆ ಎರಡು ಚುಕ್ಕಿ. ಬ್ಯಾಂಕಿನ ಹುಡುಗಿಯೊಬ್ಬಳು, "ಅಂಕಲ್, ಬಾಲ ಪಕ್ಕದೋರ ಕಾಲಂಗೆ ಹೋಗ್ತಾ ಇದೆ, ಸ್ವಲ್ಪ ಮಡಚಿ" ಎಂದಿದ್ದಳು. ಮಡಚಲಿಲ್ಲ. ಹೆಬ್ಬೆಟ್ಟಿನವನಲ್ಲ ಎಂದು ಊರಿಗೆಲ್ಲ ತಿಳಿಯಬೇಕಾದರೆ ಬಾಲ ಉದ್ದವೇ ಇರಬೇಕು.

ಈಗಿನ ಕಾಲದ ತಮಾಷೆ ನೋಡಿ. ಇಷ್ಟೆಲ್ಲ ಕಷ್ಟಪಟ್ಟು ರುಜು ಕಲಿತರೆ ಈಗ ರುಜು ಯಾರಿಗೂ ಬೇಡ. ಎಸ್ಟೇಟಿನ ಲೆಕ್ಕ ಬರೆಯುವ ರೈಟರೂ ಹೆಬ್ಬೆಟ್ಟು ಒತ್ತಬೇಕು, ಪ್ಯಾಂಟು ಶರ್ಟಿನ ಎಂಜಿನಿಯರೂ ಒತ್ತಬೇಕು. ರೇಷನ್ನಿಗೆ ಹೆಬ್ಬೆಟ್ಟು, ಸಿಮ್ಮಿಗೆ ಹೆಬ್ಬೆಟ್ಟು. ಮೇಷ್ಟ್ರು ಇದ್ದಿದ್ದರೆ ಅವರೂ ನನ್ನ ಅಂಗಡಿಗೇ ಬಂದು ಒತ್ತಬೇಕಾಗುತ್ತಿತ್ತು. ಯಾಕೆಂದರೆ ರೀಚಾರ್ಜು, ಸಿಮ್ಮು ಎಂದು ನಾನೂ ಒಂದು ಹೆಬ್ಬೆಟ್ಟಿನ ಮೆಷಿನ್ ಇಟ್ಟುಕೊಂಡಿದ್ದೇನೆ. ಬೆಂಕಿಪೊಟ್ಟಣದಷ್ಟು ದೊಡ್ಡದು. ಮೇಲೊಂದು ಸಣ್ಣ ಗಾಜು, ಗಾಜಿನ ಕೆಳಗೆ ಕೆಂಪು ಬೆಳಕು. ಬೆರಳು ಒಪ್ಪಿಗೆಯಾದರೆ ಫೋನಿನಲ್ಲಿ ಹಸಿರು ಗುರುತು ಬರುತ್ತದೆ, ಇಲ್ಲದಿದ್ದರೆ ಕೆಂಪು.

ಈ ಮೆಷಿನ್ನಿಗೆ ಜಯ ಕಳೆದ ಆಯುಧಪೂಜೆಯ ದಿನ ಪೂಜೆ ಮಾಡಿದಳು. ಮಾಡಬೇಕಾದದ್ದೇ. ಅಳತೆಯ ಟೇಪಿಗೆ, ಕತ್ತರಿಗೆ, ಶಟರಿನ ಬೀಗಕ್ಕೆ ಇಟ್ಟ ಹಾಗೆಯೇ ಇದಕ್ಕೂ ಅರಿಸಿನ ಕುಂಕುಮ ಇಟ್ಟಳು. ಆದರೆ ಎಲ್ಲಿಗೆ ಇಟ್ಟಳು ಅಂತೀರಿ? ನಡು ಗಾಜಿಗೆ. ಹಣೆ ಎಂದರೆ ಅದೇ ಎಂದು ಅವಳ ಲೆಕ್ಕ. ಮೇಲೆ ಒಂದು ಸೇವಂತಿಗೆ, ಸುತ್ತ ಕರ್ಪೂರದ ಹೊಗೆ. ಮಾರನೆಯ ದಿನದಿಂದ ಮೆಷಿನ್ ಯಾರನ್ನೂ ಗುರುತಿಸದು. ನನ್ನ ಹೆಬ್ಬೆಟ್ಟನ್ನೇ ನೋಡಿ ಇವನು ಯಾರೋ ಗೊತ್ತಿಲ್ಲ ಎಂದಿತು. ಕಂಪನಿಯ ಹುಡುಗ ಬಂದು ಹತ್ತಿಯಲ್ಲಿ ಒರೆಸಿ, "ಆಂಟಿ, ದೇವ್ರಿಗೂ ಕಣ್ಣಿಗೆ ಕುಂಕುಮ ಇಡ್ತೀರಾ?" ಎಂದು ಕೇಳಿದ ಮೇಲೆ ಜಯ ಅವನಿಗೆ ಕಾಫಿ ಕೊಡಲಿಲ್ಲ.

ಆದರೆ ಅವಳನ್ನು ನಾನು ಬೈಯುವ ಹಾಗಿಲ್ಲ. ಅನ್ನ ಕೊಡುವ ಯಾವುದಕ್ಕೇ ಆದರೂ ಕುಂಕುಮ ಇಡಬೇಕು ಎಂದು ಅವಳಿಗೆ ಕಲಿಸಿದ್ದು ನಮ್ಮವ್ವ. ಅವ್ವ ಕುಡುಗೋಲಿಗೆ ಇಡುತ್ತಿದ್ದಳು, ಒಲೆಗೆ ಇಡುತ್ತಿದ್ದಳು. ಕಾಫಿ ಕುಯ್ಲಿಗೆ ಹೋಗುವಾಗ ಸೊಂಟಕ್ಕೆ ಕಟ್ಟುವ ಗೋಣಿತಾಟಿಗೂ ಇಡುತ್ತಿದ್ದಳು. ಹೊಲದ ಕೆಲಸ ಮುಗಿದ ಮೇಲೆ ಅವಳು ಈ ಕಡೆಯ ತೋಟಗಳಿಗೆ ಕಾಫಿ ಬಿಡಿಸಲು ಬರುತ್ತಿದ್ದಳು. ಹಣ್ಣಿನ ಅಂಟು, ಎಲೆಯ ಕರೆ ಹಿಡಿದು ಅವಳ ಬೆರಳ ತುದಿಗಳೆಲ್ಲ ಕಪ್ಪಗೆ, ಹುರಿದ ಬೀಜದ ಹಾಗೆ ಇರುತ್ತಿದ್ದವು. ಕಿರುಬೆರಳೊಂದು ಮಾತ್ರ ಬೆಳ್ಳಗೆ. ಬಿಡಿಸುವಾಗ ಅದಕ್ಕೆ ಕೆಲಸವಿಲ್ಲ. "ಇದು ನನ್ನ ದೊರೆಸಾನಿ ಬೆಳ್ಳು ಕಣ್ಲಾ, ಮಿಕ್ಕವೆಲ್ಲ ಕೂಲಿ ಮಾಡ್ತವೆ" ಎಂದು ನಗುತ್ತಿದ್ದಳು.

ಆ ಕೈಗಳು ಮಾಡುತ್ತಿದ್ದ ಕಿತ್ತಳೆ ದೀಪ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತೋ ಕಾಣೆ. ಆಗ ಕಾಫಿಯ ನಡುನಡುವೆ ಕಿತ್ತಳೆ ಗಿಡಗಳಿದ್ದವು. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಒಳಗಿನ ತೊಳೆಗೂ ಅದಕ್ಕೂ ಸ್ನೇಹ ಕಡಿಮೆ. ಕಾರ್ತೀಕದ ಹೊತ್ತಿಗೆ ಅವು ಅರೆಹಳದಿಯಾಗುತ್ತಿದ್ದವು. ಅವ್ವ ಹಣ್ಣಿನ ನಡುವಿಗೆ ಉಗುರಿನಿಂದ ಸುತ್ತ ಗೀರು ಹಾಕಿ, ಮೇಲಿನ ಅರ್ಧ ಸಿಪ್ಪೆಯನ್ನು ಟೋಪಿಯಂತೆ ತೆಗೆದು, ತೊಳೆಗಳನ್ನು ನಮ್ಮ ಕೈಗೆ ಹಾಕಿ, ಕೆಳಗಿನ ಅರ್ಧವನ್ನು ಬಟ್ಟಲಿನಂತೆ ಉಳಿಸುತ್ತಿದ್ದಳು. ಅದರ ನಡುವೆ ಬಿಳಿಯ ನಾರಿನ ತೊಟ್ಟೊಂದು ನೆಟ್ಟಗೆ ನಿಂತಿರುತ್ತಿತ್ತು. ಅದೇ ಬತ್ತಿ. ಒಲೆಯ ಪಕ್ಕ ಒಣಗಿಸಿ ಹರಳೆಣ್ಣೆ ಹಾಕಿ ಹಚ್ಚಿದರೆ ಸಿಪ್ಪೆಯ ಗೋಡೆಯೆಲ್ಲ ಕೆಂಪಗೆ ಬೆಳಗಿ ಮನೆಯೆಲ್ಲ ಕಿತ್ತಳೆ ವಾಸನೆ. ನಾನು ಮಾಡಲು ಹೋದರೆ ಬತ್ತಿ ತೊಳೆಯ ಜೊತೆಗೇ ಕಿತ್ತು ಬರುತ್ತಿತ್ತು. ಎಷ್ಟು ಹಣ್ಣು ಹಾಳು ಮಾಡಿದ್ದೇನೋ. ಹಾಳಾದ ಹಣ್ಣನ್ನು ತಿನ್ನಬಹುದಿತ್ತಾದ್ದರಿಂದ ಬೇಸರ ಆಗುತ್ತಿರಲಿಲ್ಲ. ಅವ್ವ ನನ್ನ ಕೈ ಹಿಡಿದು, "ಬಿಗಿ ಮಾಡ್ಬ್ಯಾಡ ಕಣ್ಲಾ ಮಗಾ. ಕಿರುಬೆಳ್ಳ ಮ್ಯಾಲೆತ್ತು. ಹಣ್ಣು ತಾನೇ ಬುಡ್ತದೆ, ನೀನು ಬುಡಿಸ್ಬ್ಯಾಡ" ಎನ್ನುತ್ತಿದ್ದಳು. ಅವಳ ಕಿರುಬೆರಳು ಮೇಲೆದ್ದೇ ಇರುತ್ತಿತ್ತು. ಅವಳ ದೀಪ ಒಂದೇ ಕಡ್ಡಿಗೆ ಹತ್ತುತ್ತಿತ್ತು. ಕೈಗುಣ ಎಂದು ನೆರೆಯವರು ಹೇಳುತ್ತಿದ್ದರು.

ಈಗ ಕಿತ್ತಳೆ ಗಿಡಗಳು ಕಡಿಮೆ. ರೋಗ ಬಂದು ಕೆಲವು ಹೋದವು, ಮೆಣಸು ಬಂದು ಕೆಲವು ಹೋದವು. ಅವ್ವನೂ ಹೋದಳು. ದೀಪಾವಳಿಗೆ ನನ್ನ ಅಂಗಡಿಯಲ್ಲಿ ಜನ ಕೇಳುವುದು ಚಮಕಿ ದೀಪ. ಪ್ಲಾಸ್ಟಿಕ್ಕಿನ ತಾವರೆ, ಎಸಳಿಗೆಲ್ಲ ಚಮಕಿ, ನಡುವೆ ಸಣ್ಣ ಬಲ್ಬು, ಹೊಟ್ಟೆಯೊಳಗೆ ಗುಂಡಿಯಷ್ಟು ಬ್ಯಾಟರಿ. ಎಣ್ಣೆ ಬೇಡ, ಗಾಳಿಗೆ ಆರದು. ಮೈಸೂರಿನ ಹೋಲ್‌ಸೇಲ್ ಅಂಗಡಿಯಿಂದ ಬರುತ್ತದೆ. ಅಲ್ಲಿಗೆ ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದವನಲ್ಲ. ಟೀ ಕುಡಿಯುವಷ್ಟು ದುಡ್ಡಿಗೆ ಒಂದು ದೀಪ ಹೇಗೆ ಬರುತ್ತದೆ ಎಂದೂ ಯೋಚಿಸಿದವನಲ್ಲ. ಲಕ್ಷ್ಮಿ ಫೋಟೋದ ಮುಂದೆ ನಾನಿಟ್ಟ ಚಮಕಿ ದೀಪ ಬ್ಯಾಟರಿ ಬದಲಿಸಿದಾಗಲೆಲ್ಲ ಮೊದಲ ಒತ್ತಿಗೇ ಹತ್ತುತ್ತದೆ. ಅದನ್ನೂ ನನ್ನ ಕೈಗುಣ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಹೋದ ದೀಪಾವಳಿಗೆ ಮುಂಚಿನ ಭಾನುವಾರ. ಭಾನುವಾರ ಎಂದರೆ ಲೈನಿನವರು ಪೇಟೆಗೆ ಬರುವ ದಿನ. ಮೊಯ್ದುವಿನ ಜೀಪಿನಿಂದ ಜನ ಉದುರಿದರು. ಈಗ ಲೈನುಗಳಲ್ಲಿ ಅಸ್ಸಾಮಿನವರೇ ಜಾಸ್ತಿ. ಅವರಲ್ಲಿ ಒಬ್ಬಳು, ರೂಪಾಲಿ ಎಂದು, ಹಿಂದಿನ ವರ್ಷದ ಕಾಫಿ ಪಿಕಿಂಗಿಗೆ ಗಂಡನ ಜೊತೆ ಬಂದು ಇಲ್ಲೇ ನಿಂತವಳು. ಮಗಳಿಗೆಂದು ನನ್ನ ಹತ್ತಿರ ರಿಬ್ಬನ್ನು ಕೊಂಡು ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಳು. ಆವತ್ತು ಅವಳು ರಿಬ್ಬನ್ನು ಕೇಳಲಿಲ್ಲ. ಮೊಯ್ದುವೇ ಅವಳನ್ನು ಮುಂದೆ ಮಾಡಿಕೊಂಡು ಬಂದ.

"ಸ್ವಾಮಣ್ಣ, ಇವಳಿಗೊಂದು ಸಿಮ್ಮು ಮಾಡಿಕೊಡಿ ಮಾರಾಯ್ರೆ. ಹಳೇ ನಂಬರೇ ಬೇಕಂತೆ. ಫೋನು ತೋಡಿಗೆ ಬಿತ್ತು. ಬಟ್ಟೆ ಒಗೀಲಿಕ್ಕೆ ಹೋಗಿ ಫೋನನ್ನೂ ಒಗ್ದಿದ್ದಾಳೆ."

"ಹೊಸಾ ನಂಬರ್ ತಗೊಳ್ಳಮ್ಮ, ಬೇಗ ಆಗುತ್ತೆ" ಎಂದೆ.

ರೂಪಾಲಿ ತಲೆಯಾಡಿಸಿದಳು. "ಇಲ್ಲ ಅಣ್ಣಾ. ನಂದು ಬೇಟಿ ಊರಲ್ಲಿ ಇದೆ, ನಮ್ಮ ಅಮ್ಮ ಹತ್ರ. ಅವ್ರಿಗೆ ಫೋನ್ ಇಲ್ಲ. ಪಕ್ಕದ ಮನೇದು ಫೋನ್‌ನಿಂದ ಮಾಡ್ತದೆ. ಪಕ್ಕದ ಮನೇದು ನಂಬರ್ ಫೋನ್ ಒಳಗೆ ಇತ್ತು, ನೀರಲ್ಲಿ ಹೋಯ್ತು. ನಂಗೆ ಬಾಯಲ್ಲಿ ಬರಲ್ಲ." ಆಮೇಲೆ ಸ್ವಲ್ಪ ತಡೆದು, "ಬೇಟಿಗೆ ನಂದು ನಂಬರ್ ಬಾಯಲ್ಲಿ ಬರ್ತದೆ. ಅದು ಒಂದೇ ಬರ್ತದೆ. ಹಾಡು ತರ ಹೇಳ್ತದೆ" ಎಂದಳು.

ಅವಳ ಊರಿನ ಬೇರೆ ಯಾರೂ ಆಗ ಇಲ್ಲಿ ಉಳಿದಿರಲಿಲ್ಲ. ಅಷ್ಟು ದೂರದಲ್ಲಿ ಒಂದು ಮಗು ದಿನಾ ಆ ನಂಬರ್ ಒತ್ತುತ್ತಿದೆ, ಇಲ್ಲಿ ಫೋನಿಲ್ಲ. ಇದು ವಿಷಯ. ಮೊಯ್ದು ತನ್ನ ಹಳೆಯ ಗುಂಡಿ ಫೋನು ಆಗಲೇ ಅವಳಿಗೆ ಕೊಟ್ಟಿದ್ದ. ಸಿಮ್ಮೊಂದು ಆಗಬೇಕಿತ್ತು.

ಇದೇನು ಮಹಾ ಎಂದುಕೊಂಡು ಮೆಷಿನ್ ಮುಂದಿಟ್ಟೆ. ಅವಳ ಆಧಾರ್ ಕಾರ್ಡಿನ ನಂಬರು ಹಾಕಿದೆ. "ಹೆಬ್ಬೆಟ್ಟು ಇಡಮ್ಮ" ಎಂದೆ. ಇಟ್ಟಳು. ಕೆಂಪು. ಒರೆಸಿ ಇಟ್ಟಳು. ಕೆಂಪು. ಎಡಗೈ ಇಟ್ಟಳು, ಮತ್ತೆ ಕೆಂಪು.

ಮೊಯ್ದು ನನ್ನ ಹೆಂಡತಿಯ ಕಡೆ ನೋಡಿ, "ಅಕ್ಕಾ, ಮತ್ತೆ ಪೂಜೆ ಎಂತಾದ್ರೂ ಮಾಡಿದ್ರಾ?" ಎಂದ.

"ನಿನ್ನ ಬಾಯಿಗೆ ಮಾಡ್ತೀನಿ ಪೂಜೆ. ಆವತ್ತಿಂದ ಅದರ ಹತ್ರಕ್ಕೂ ಹೋಗಿಲ್ಲ ನಾನು" ಎಂದ ಜಯ, ಹಾಗೆ ಹೇಳುತ್ತಲೇ ಅನುಮಾನದಿಂದ ಸೆರಗಿನ ತುದಿಯಲ್ಲಿ ಗಾಜು ಒರೆಸಿದಳು. ಪರೀಕ್ಷೆಗೆಂದು ನಾನು ಒತ್ತಿದೆ, ಹಸಿರು. ಮೊಯ್ದು ಒತ್ತಿದ, ಅವನದೂ ಹಸಿರು. ತಪ್ಪು ಮೆಷಿನ್ನಿನದಲ್ಲ. ರೂಪಾಲಿ ತನ್ನ ಕೈಯನ್ನೇ ನೋಡಿಕೊಳ್ಳುತ್ತ ನಿಂತಿದ್ದಳು. "ರೇಷನ್ ಅಂಗಡಿದು ಮೆಷಿನ್ ಕೂಡ ನನ್ನ ನೋಡಲ್ಲ ಅಣ್ಣಾ. ಗಂಡನ ಬೆರಳು ಹಾಕಿ ತಗೊಳ್ತೀವಿ. ಸಿಮ್ ನನ್ನ ಹೆಸರಲ್ಲಿ ಇದೆ."

"ಎಲ್ಲಿ, ಬೆರಳು ತೋರ್ಸು" ಎಂದು ಜಯ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಕಾಫಿಯ ಕರೆ ಇತ್ತು, ಅದು ಇಲ್ಲಿ ಎಲ್ಲರಿಗೂ ಇರುವಂಥದ್ದೇ. ಕರೆಯ ಕೆಳಗೆ ಹೆಬ್ಬೆಟ್ಟಿನ ತುದಿ ನುಣುಪಾಗಿ, ಸೋಪು ತೇದ ಹಾಗೆ ಹೊಳೆಯುತ್ತಿತ್ತು. ಗೆರೆಯೇ ಇಲ್ಲ. "ಇದೇನ್ ತಾಯಿ ಇದು, ಎಲ್ಲಿ ಸುಟ್ಕೊಂಡೆ?" ಎಂದಳು ಜಯ.

ರೂಪಾಲಿ ಅಂಗಡಿಯ ಸುತ್ತ ನೋಡಿದಳು. ಮಾಲೆ ಮಾಡಿ ನೇತುಹಾಕಿದ್ದ ಬಣ್ಣದ ಗೋಲಗಳು, ಹಲಗೆಯ ಮೇಲೆ ಜೋಡಿಸಿದ್ದ ಚಮಕಿ ದೀಪಗಳು. ಕೈಚಾಚಿ ಒಂದು ದೀಪ ತೆಗೆದುಕೊಂಡಳು. ಎಲ್ಲರೂ ಅದರ ಎಸಳನ್ನು ನೋಡುತ್ತಾರೆ, ಇವಳು ನೇರವಾಗಿ ಮಗುಚಿ ಅಡಿ ನೋಡಿದಳು.

"ಇದು ಕೆಲಸ, ಅಣ್ಣಾ" ಎಂದಳು. "ಇಲ್ಲಿ ಬರೋ ಮೊದ್ಲು ದಿಲ್ಲಿ ಕಡೆ ಇತ್ತು ನಾವು. ದೊಡ್ಡ ಹಾಲ್. ಇದು ಮಾಡೋದು, ಕಿರಿಸ್ಮಸ್ ಬಾಲ್ ಮಾಡೋದು. ಬಾಲ್ ಎಲ್ಲ ಹಡಗಲ್ಲಿ ಹೋಗ್ತದೆ, ಫಾರಿನ್. ಇದು ಇಲ್ಲಿಗೆ ಬರ್ತದೆ. ಚಮಕಿ ಮಾತ್ರ ಅಲ್ಲಿಂದ ಬರ್ತದೆ, ಫಾರಿನ್ ಚೀಲದಲ್ಲಿ."

ದೀಪದ ಅಡಿಯಲ್ಲಿ ಬ್ಯಾಟರಿಯ ಡಬ್ಬಿ ಹಿಡಿದುಕೊಳ್ಳಲು ಗೋಂದಿನ ಒಂದು ಉಂಡೆ ಇರುತ್ತದೆ. ಒಣಗಿ ಗಟ್ಟಿಯಾದ ಗೋಂದು. ಅದನ್ನು ತೋರಿಸಿ, "ಗೋಂದು ಬಿಸಿ ಬರ್ತದೆ, ಕುದಿತಾ ಇರ್ತದೆ. ಆರೋ ಮೊದ್ಲು ಇಲ್ಲಿ ಒತ್ತಬೇಕು. ಹೆಬ್ಬೆಟ್ಟಲ್ಲಿ. ಆರಿದ್ರೆ ಹಿಡಿಯಲ್ಲ" ಎಂದಳು. "ಆಮೇಲೆ ಕೈಗೆ ಅಂಟಿದ್ದು ತೆಗೀಲಿಕ್ಕೆ ಥಿನ್ನರ್. ಒತ್ತೋದು, ತೊಳೆಯೋದು. ಒತ್ತೋದು, ತೊಳೆಯೋದು. ಮೊದ್ಲು ಬೊಬ್ಬೆ ಬರ್ತದೆ. ಆಮೇಲೆ ಬೊಬ್ಬೆ ಕೂಡ ಬರಲ್ಲ."

"ಬಿಟ್ಟು ಬಂದಿದ್ದು ಒಳ್ಳೇದಾಯ್ತು ಬಿಡು" ಎಂದ ಮೊಯ್ದು. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ದೀವಾಳಿಗೆ ಯಾವತ್ತೂ ಊರಿಗೆ ಬಿಡಲ್ಲ ಅಲ್ಲಿ. ಹಬ್ಬಕ್ಕೇ ಕೆಲಸ ಜಾಸ್ತಿ" ಎಂದು ರೂಪಾಲಿ ನಕ್ಕಳು. "ನಮ್ಮ ಊರಲ್ಲಿ ದೀವಾಳಿಗೆ ಮನೆ ಮುಂದೆ ಬಾಳೆ ಗಿಡ ನಿಲ್ಲಿಸಿ, ಅದಕ್ಕೆ ಕಡ್ಡಿ ಚುಚ್ಚಿ ದೀಪ ಇಡ್ತೀವಿ. ಮಣ್ಣಿಂದು. ನಂದು ಬೇಟಿ ಹುಟ್ಟಿದ ಮೇಲೆ ಆ ದೀಪ ನಾನು ನೋಡಿಲ್ಲ."

ನಾನು ಹಲಗೆಯ ಮೇಲಿದ್ದ ಇನ್ನೊಂದು ದೀಪ ತೆಗೆದು ಮಗುಚಿದೆ. ಗೋಂದಿನ ಉಂಡೆಯ ಮೇಲೆ ಒಂದು ಹೆಬ್ಬೆಟ್ಟಿನ ಗುರುತು, ಅರಗಿನ ಮುದ್ರೆಯಷ್ಟು ಸ್ಪಷ್ಟ. ಸುತ್ತಿ ಸುತ್ತಿ ಬಂದ ಗೆರೆಗಳು. ಇನ್ನೊಂದು ತೆಗೆದೆ, ಅದರ ಮೇಲೆ ಅಗಲವಾದದ್ದು. ಮತ್ತೊಂದರ ಮೇಲೆ ಬರೀ ನುಣುಪು ಗುಳಿ, ಗೆರೆಯಿಲ್ಲ. ಇಷ್ಟು ವರ್ಷ ಇವನ್ನು ಸಾಲಾಗಿ ಜೋಡಿಸಿದ್ದೇನೆ, ಧೂಳು ಹೊಡೆದಿದ್ದೇನೆ, ಮಾರಿದ್ದೇನೆ. ಹೆಬ್ಬೆಟ್ಟಿನವನಲ್ಲ ಎಂದು ಬಾಲ ಬಿಟ್ಟು ರುಜು ಮಾಡುವ ನನ್ನ ಅಂಗಡಿ ತುಂಬ ಹೆಬ್ಬೆಟ್ಟುಗಳೇ ಕೂತಿದ್ದವು. ಮೆಷಿನ್ನು ಹುಡುಕುತ್ತಿದ್ದ ಗೆರೆಗಳನ್ನು ಯಾರೋ ಒಬ್ಬೊಬ್ಬರಾಗಿ ಇಲ್ಲಿ ಬಿಟ್ಟು ಹೋಗಿದ್ದರು.

ಆಗ ನನಗೆ ಅವ್ವನ ನೆನಪಾದದ್ದು ಯಾಕೆ ಎಂದು ಹೇಳುವುದು ಕಷ್ಟ. ಅವಳು ಬಿಡಿಸಿದ ಕಾಫಿಯೂ ಹಡಗಿನಲ್ಲೇ ಹೋಗುತ್ತಿತ್ತು. ಯಾವ ದೇಶದಲ್ಲಿ ಯಾರು ಕುಡಿದರೋ. ಲೋಟ ಮಗುಚಿ ನೋಡಿದರೂ ಅದರಲ್ಲಿ ಅವ್ವನ ಬೆರಳು ಕಾಣುತ್ತಿರಲಿಲ್ಲ, ಕಾಫಿಗೆ ಅಂಥ ಗುರುತು ನಿಲ್ಲುವುದಿಲ್ಲ. ಕುಡಿದವರಲ್ಲಿ ಒಬ್ಬರಾದರೂ ಯಾವತ್ತಾದರೂ, ಯಾರು ಬಿಡಿಸಿದರೋ ಪುಣ್ಯಾತ್ಮರು ಎಂದುಕೊಂಡಿರಲಿ ಎಂದು ಮನಸ್ಸಿಗೆ ಬಂತು. ನಾನಂತೂ ದೀಪ ಮಾಡಿದವರ ಬಗ್ಗೆ ಹಾಗೆ ಅಂದುಕೊಂಡಿರಲಿಲ್ಲ.

ರೂಪಾಲಿ ದೀಪವನ್ನು ಹಿಂದಕ್ಕಿಡಲು ಹೋದಳು. "ತಡಿ ತಡಿ" ಎಂದೆ. "ಅದನ್ನ ಅಲ್ಲಿ ಹೆಂಗೆ ಹಿಡೀತಿದ್ದೆ? ಒಂದ್ಸಲ ಮಾಡಿ ತೋರ್ಸು."

ನಾನೇನೋ ಹುಚ್ಚು ಹಿಡಿದವನಂತೆ ಕೇಳುತ್ತಿದ್ದೇನೆ ಎಂಬ ಹಾಗೆ ಜಯ ನೋಡಿದಳು. ರೂಪಾಲಿ ದೀಪವನ್ನು ಎಡಗೈಯಲ್ಲಿ ಅಂಗಾತ ಹಿಡಿದಳು. ಬಲಗೈಯ ಹೆಬ್ಬೆಟ್ಟು ಗೋಂದಿನ ಮೇಲೆ ಕೂತಿತು, ಉಳಿದ ಬೆರಳುಗಳು ಅಂಚು ಹಿಡಿದವು. ಕಿರುಬೆರಳು ಮಾತ್ರ ತಾನಾಗಿಯೇ ಮೇಲೆದ್ದಿತು. ಬಿಸಿ ತಾಗದ ಹಾಗೆ ದೂರ, ನೆಟ್ಟಗೆ, ಥೇಟ್ ಅವ್ವನ ಕಿತ್ತಳೆಯ ಮೇಲಿನ ಬೆರಳಿನಂತೆ.

"ದೊರೆಸಾನಿ!" ಎಂದೆ.

"ಏನ್ರೀ?" ಎಂದಳು ಜಯ.

"ಕಿರುಬೆಳ್ಳು ಕಣೇ. ಅದು ಕೆಲ್ಸ ಮಾಡಿಲ್ಲ. ಇಡಮ್ಮ ರೂಪಾಲಿ, ಅದನ್ನಿಡು."

ಹೆಬ್ಬೆಟ್ಟು ಮೆಷಿನ್ ಎಂದು ನಾವು ಹೆಸರಿಟ್ಟ ತಪ್ಪಿಗೆ ಬೇರೆ ಬೆರಳನ್ನು ಇಡಬಹುದು ಎಂಬುದೇ ನಮಗೆ ಹೊಳೆದಿರಲಿಲ್ಲ ನೋಡಿ. ರೂಪಾಲಿ ಕಿರುಬೆರಳನ್ನು ಮೊದಲು ಚೂಡಿದಾರದ ಚುಂಗಿಗೆ ಒರೆಸಿಕೊಂಡಳು. ಗಾಜಿನ ಮೇಲಿಟ್ಟಳು. ಪರದೆಯ ಮೇಲಿನ ಚಕ್ರ ಒಂದು ಸುತ್ತು ತಿರುಗಿತು. ಮೊಯ್ದು ಏನೋ ಪಿಸುಗುಟ್ಟಿಕೊಂಡ, ಪ್ರಾರ್ಥನೆಯೇ ಇರಬೇಕು. ಫೋನಿನಲ್ಲಿ ಹಸಿರು ಬಂತು.

ಜೀಪಿನವನೂ ಅಂಗಡಿಯವನೂ ಸೇರಿ ಅಷ್ಟು ಜೋರಾಗಿ ಕೂಗಿದ್ದನ್ನು ಕೇಳಿ ಎದುರಿನ ಹೋಟೆಲಿನವರು ಲಾಟರಿ ಹೊಡೆಯಿತೇ ಎಂದು ಹೊರಗೆ ಬಂದರು.

ಸಿಮ್ಮಿಗೆ ಜೀವ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಲೈನಿನಲ್ಲಿ ರೇಂಜು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಆದ್ದರಿಂದ ಅವಳು ಇಲ್ಲೇ ಕಾಯಬೇಕು. ಜಯ ಅವಳನ್ನು ಬೆಂಚಿನ ಮೇಲೆ ಕೂರಿಸಿ ಕಾಫಿ ಕೊಟ್ಟಳು, ಹಬ್ಬಕ್ಕೆಂದು ಮಾಡಿಟ್ಟಿದ್ದ ಕಜ್ಜಾಯ ಕೊಟ್ಟಳು. ಸಾಮಾನ್ಯವಾಗಿ ಹಬ್ಬಕ್ಕೆ ಮುಂಚೆ ನನಗೂ ಕೊಡುವುದಿಲ್ಲ. ಮಧ್ಯಾಹ್ನ ಸರಿಯಿತು. ಜೀಪಿನವರೆಲ್ಲ ಸಾಮಾನು ತುಂಬಿಕೊಂಡು ಬಂದು ಕೂತರು. ಮೊಯ್ದು ಹಾರ್ನ್ ಹೊಡೆಯಬೇಕಾದವನು ಹೊಡೆಯಲಿಲ್ಲ. ಬಾನೆಟ್ಟು ತೆಗೆದು ಎಂತದೋ ನೋಡುವವನ ಹಾಗೆ ನಿಂತ. "ಹೋಗೋಣ ಮೊಯ್ದು" ಎಂದು ಒಳಗಿನವರು ಕೂಗಿದರೆ, "ಬಿಸಿ ಆಗಿದೆ, ತಣೀಲಿ" ಎಂದ. ಆ ಜೀಪು ಬೆಳಗ್ಗಿನಿಂದ ನಿಂತೇ ಇತ್ತು.

ಆ ಗುಂಡಿ ಫೋನಿಗೆ ಎಂಥದೋ ಕೀರಲು ದನಿ. ಅದು ಕೂಗಿದಾಗ ರೂಪಾಲಿಯ ಕೈಯಿಂದ ಕಜ್ಜಾಯ ಬಿತ್ತು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ಒಂದು ಸಣ್ಣ ದನಿ, ನಮಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಒಂದೇ ಸಮನೆ ಹರಿಯಿತು. ಭಾಷೆ ಗೊತ್ತಾಗಲಿಲ್ಲ. ಬೈಗುಳ ಎಂಬುದು ಮಾತ್ರ ಚೆನ್ನಾಗಿ ಗೊತ್ತಾಯಿತು. ಜಯ, "ಚೆನ್ನಾಗಿ ಬೈತಾ ಅದೆ, ಬೈಲಿ ಬೈಲಿ" ಎಂದು ಕಣ್ಣೊರೆಸಿಕೊಂಡಳು. ರೂಪಾಲಿ ನಗುತ್ತ, ಅಳುತ್ತ, ಹೂಂ ಹೂಂ ಎನ್ನುತ್ತಿದ್ದಳು. ಕೊನೆಗೆ ಫೋನು ಇಳಿಸಿ ನನಗೆ ಹೇಳಿದಳು: "ಬೇಟಿ ಹೇಳ್ತದೆ, ಬಾಳೆ ಗಿಡ ತಂದಾಯ್ತಂತೆ. ಹಬ್ಬದ ದಿನ ದೀಪ ಅವಳೇ ಇಡ್ತಾಳಂತೆ."

ಜೀಪು ತಣಿಯಿತು. ಅವಳು ಹತ್ತುವ ಮೊದಲು ಹಿಂತಿರುಗಿ ಬಂದು, "ಅಣ್ಣಾ, ನೀವು ದೊಡ್ಡ ಉಪಕಾರ ಮಾಡಿದ್ರಿ" ಎಂದು ಕೈಮುಗಿದಳು. ಸಾಮಾನ್ಯವಾಗಿ ಇಂಥ ಮಾತಿಗೆ ನನ್ನ ಎದೆ ಮುಂದೆ ಬರುತ್ತದಲ್ಲ, ಆವತ್ತು ಬರಲಿಲ್ಲ. ಉಪಕಾರ ಯಾರು ಯಾರಿಗೆ ಮಾಡಿದ್ದು? ಇಷ್ಟು ವರ್ಷ ನನ್ನ ಮನೆಯ ಒಲೆ ಉರಿದದ್ದು ಇಂಥ ಕೈಗಳು ಮಾಡಿದ ಮಾಲಿನಿಂದ, ಇಂಥ ಕೈಗಳು ಬಿಡಿಸಿದ ಕಾಫಿಯ ಕೂಲಿ ಈ ಪೇಟೆಗೆ ಬಂದದ್ದರಿಂದ. ಇದನ್ನೆಲ್ಲ ಹೇಳಲು ನನಗೆ ಹಿಂದಿ ಬಾರದು. ಒಂದು ರಿಬ್ಬನ್ನಿನ ಉಂಡೆ ಅವಳ ಕೈಯಲ್ಲಿಟ್ಟೆ. ಅವ್ವನಿಗೂ ಹೇಳದೆ ಉಳಿದದ್ದು ಇದರಲ್ಲಿ ಸ್ವಲ್ಪ ಸೇರಿತ್ತು ಎಂದುಕೊಳ್ಳುತ್ತೇನೆ.

ಆವತ್ತಿನಿಂದ ಚಮಕಿ ದೀಪ ಮಾರುವುದನ್ನು ಬಿಟ್ಟೆ ಎಂದು ಬರೆದರೆ ನಿಮಗೆ ಖುಷಿಯಾಗಬಹುದು, ಆದರೆ ಅದು ಸುಳ್ಳಾಗುತ್ತದೆ. ಮಾರುತ್ತೇನೆ. ನಾನು ಬಿಟ್ಟ ಮಾತ್ರಕ್ಕೆ ಅಲ್ಲಿ ಗೋಂದು ಕುದಿಯುವುದು ನಿಲ್ಲುತ್ತದೆಯೋ, ಅಥವಾ ಯಾರದೋ ಕೂಲಿ ನಿಲ್ಲುತ್ತದೆಯೋ, ಆರನೇ ಕ್ಲಾಸಿನ ನನಗೆ ತಿಳಿಯದು. ಕೊಂಡವರಿಗೆ ಮಾತ್ರ ದೀಪವನ್ನು ಮಗುಚಿ ತೋರಿಸಿ ಕೊಡುತ್ತೇನೆ. ಕೆಲವರು ನೋಡುತ್ತಾರೆ. ಕೆಲವರು, "ಡ್ಯಾಮೇಜಾ? ಹಾಗಾದ್ರೆ ಕಮ್ಮಿ ಮಾಡಿ" ಎನ್ನುತ್ತಾರೆ.

ರೂಪಾಲಿ ಹಿಡಿದು ತೋರಿಸಿದ ಆ ದೀಪವನ್ನು ಮಾತ್ರ ಮಾರಲಿಲ್ಲ. ಜೀಪು ಹೋದ ಮೇಲೆ ಅದನ್ನು ಲಕ್ಷ್ಮಿ ಫೋಟೋದ ಮುಂದೆ ಹಳೆಯ ದೀಪದ ಪಕ್ಕ ಇಟ್ಟೆ, ಅಡಿ ಮೇಲೆ ಮಾಡಿ. ಸಂಜೆಯ ಪೂಜೆಗೆ ಕುಂಕುಮದ ಬಟ್ಟಲು ಹಿಡಿದು ಬಂದ ಜಯ, "ಏನ್ರೀ ಇದು, ದೀಪನ ಮಕಾಡೆ ಮಲಗ್ಸಿದೀರಿ?" ಎಂದಳು.

"ಕನ್ನಡಕ ಹಾಕ್ಕೊಂಡು ನೋಡು" ಎಂದೆ.

ಹಾಕಿಕೊಂಡು ನೋಡಿದಳು. ಗೋಂದಿನ ಮೇಲೆ ಯಾರದೋ ಹೆಬ್ಬೆಟ್ಟು. ಅಷ್ಟು ಹೊತ್ತು ನಾನು ಗಮನಿಸದೆ ಇದ್ದದ್ದನ್ನು ಅವಳು ಗಮನಿಸಿದಳು. ತನ್ನ ಹೆಬ್ಬೆಟ್ಟನ್ನು ಮೆಲ್ಲಗೆ ಅದರ ಮೇಲಿಟ್ಟು ಅಳೆದಳು. ಹಿಡಿಸಲಿಲ್ಲ. ಕಿರುಬೆರಳು ಇಟ್ಟಳು. ಅದು ಸರಿಯಾಗಿ ಕೂತಿತು.

"ಬಾಳ ಚಿಕ್ಕದು ಕಣ್ರೀ, ಮಗೀನ ಬೆಳ್ಳಿದ್ದಂಗೈತೆ" ಎಂದಳು.

ಅವಳು ಬಟ್ಟಲಿನಲ್ಲಿ ಉಂಗುರದ ಬೆರಳನ್ನು ಅದ್ದಿದಳು. ಕುಂಕುಮ ತೆಗೆದುಕೊಂಡು ಆ ಗುರುತಿನ ಹತ್ತಿರ ಹೋದ ಬೆರಳು ಒಂದು ಕ್ಷಣ ತಡೆಯಿತು.

"ಮ್ಯಾಲೆ ಇಟ್ರೆ ಗೆರೆ ಮುಚ್ಚೋಯ್ತದೆ" ಎಂದು, ಪಕ್ಕದಲ್ಲಿ ಇಟ್ಟಳು.